ಷರತ್ತಿನ ಮೇಲೆ ಪ್ರವೇಶ: ಡಾ. ಕಮಲಾ ಸೊಹೊನಿಯವರ ಬದುಕು ಮತ್ತು ಸಾಧನೆ

ಸ್ಪರ್ಧಾ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರ ಕೈಪಿಡಿಗಳಲ್ಲಿ ‘ಮೊದಲಿಗರು’ ಎಂಬ ಪಟ್ಟಿಯೊಂದು ತಪ್ಪದೆ ಇರುತ್ತದೆ. ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಯಾರು ಎಂಬ ಪ್ರಶ್ನೆಗೆ ಅಲ್ಲಿ ‘ಕಮಲಾ ಸೊಹೊನಿ, ಕೇಂಬ್ರಿಜ್, 1939’ ಎಂದು ಉತ್ತರ ಸಿಗುತ್ತದೆ. ಒಂದು ಅಂಕಕ್ಕೆ ಅಷ್ಟು ಸಾಕು, ಚರಿತ್ರೆಗೆ ಸಾಲದು. ಆಕೆ ಒಳಗೆ ಬಂದದ್ದು ಹೇಗೆ, ಯಾವ ಮಾತಿಗೆ ಒಪ್ಪಿ ಬಂದರು, ಬಂದ ಮೇಲೆ ಏನು ಮಾಡಿದರು ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ.

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಬಿ.ಎ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಸಾಲ ಮಂಜೂರಾಗಿದೆ ಎಂಬ ಒಂದು ಸಾಲಿಗಿಂತ, ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿರುವ ಷರತ್ತುಗಳನ್ನು ಓದಿ ಎದುರಿನವರಿಗೆ ತಿಳಿಯುವಂತೆ ಹೇಳುವುದೇ ನನ್ನ ದಿನನಿತ್ಯದ ಕೆಲಸ. ಆದ್ದರಿಂದಲೋ ಏನೋ, ಈ ವಿಜ್ಞಾನಿಯ ಜೀವನದಲ್ಲಿ ನನ್ನ ಗಮನವನ್ನು ಮೊದಲು ಸೆಳೆದದ್ದು ಆಕೆಯ ಪದವಿಯಲ್ಲ, ಆಕೆಗೆ ವಿಧಿಸಲ್ಪಟ್ಟ ಷರತ್ತುಗಳು. ಜೀವರಸಾಯನ ವಿಜ್ಞಾನದ ಸೂಕ್ಷ್ಮಗಳನ್ನು ವಿಜ್ಞಾನ ಬಲ್ಲವರಿಗೇ ಬಿಟ್ಟು, ನನಗೆ ತಿಳಿದಷ್ಟನ್ನು ಇಲ್ಲಿ ನಿರೂಪಿಸುತ್ತೇನೆ.

ಕಮಲಾ ಭಾಗವತ್ (ಮದುವೆಯ ನಂತರ ಸೊಹೊನಿ) ಹುಟ್ಟಿದ್ದು ಇಂದೂರಿನಲ್ಲಿ. 2023ರ ಜೂನ್ 18ರಂದು ಗೂಗಲ್ ಸಂಸ್ಥೆಯು ಆಕೆಯ 112ನೆಯ ಜನ್ಮದಿನವೆಂದು ತನ್ನ ಮುಖಪುಟದಲ್ಲಿ ಚಿತ್ರವೊಂದನ್ನು ಪ್ರಕಟಿಸಿದಾಗ ಅನೇಕರು ಆ ಹೆಸರನ್ನು ಮೊದಲ ಬಾರಿ ಕೇಳಿದರು. ಆದರೆ ಮರಾಠಿ ಸಾಹಿತ್ಯ ಬಲ್ಲವರಿಗೆ ಆ ಮನೆತನ ಹೊಸತಲ್ಲ. ಜಾನಪದ ವಿದ್ವಾಂಸೆಯಾಗಿ, ಲೇಖಕಿಯಾಗಿ, 1975ರ ತುರ್ತುಪರಿಸ್ಥಿತಿಯನ್ನು ನಿರ್ಭಯವಾಗಿ ವಿರೋಧಿಸಿದವರಾಗಿ ಪ್ರಸಿದ್ಧರಾದ ದುರ್ಗಾ ಭಾಗವತ್ ಕಮಲಾ ಅವರ ಅಕ್ಕ. ತಂದೆ ನಾರಾಯಣರಾವ್, ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನ ವಿಜ್ಞಾನಿಗಳು. ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಕಲಿತವರು. ಬೆಂಗಳೂರಿನ ಜನ ಬಹುಕಾಲ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತಿದ್ದ ಈ ಸಂಸ್ಥೆ ಜಮ್ಷೇಟ್ಜಿ ಟಾಟಾ ಅವರ ದಾನದಿಂದಲೂ ಮೈಸೂರು ಸಂಸ್ಥಾನ ಕೊಟ್ಟ ಭೂಮಿಯಿಂದಲೂ 1909ರಲ್ಲಿ ಸ್ಥಾಪನೆಯಾಯಿತು. ತಂದೆ ಮತ್ತು ಚಿಕ್ಕಪ್ಪ ಕಲಿತ ಶಾಲೆಯಲ್ಲಿ ತಾನೂ ಕಲಿಯಬೇಕೆಂದು ಮಗಳು ಬಯಸಿದರೆ ಅದರಲ್ಲಿ ಅಸಹಜವಾದದ್ದೇನೂ ಇರಲಿಲ್ಲ.

1933ರಲ್ಲಿ ಕಮಲಾ ರಸಾಯನ ವಿಜ್ಞಾನವನ್ನು ಮುಖ್ಯ ವಿಷಯವಾಗಿಯೂ ಭೌತ ವಿಜ್ಞಾನವನ್ನು ಉಪವಿಷಯವಾಗಿಯೂ ಓದಿ, ಬೊಂಬಾಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತರು. ಅದೇ ವರ್ಷ ಸರ್ ಸಿ.ವಿ. ರಾಮನ್ ಅವರು ವಿಜ್ಞಾನ ಮಂದಿರದ ಮೊತ್ತಮೊದಲ ಭಾರತೀಯ ನಿರ್ದೇಶಕರಾಗಿ ಅಧಿಕಾರ ವಹಿಸಿಕೊಂಡಿದ್ದರು. ನೊಬೆಲ್ ಪ್ರಶಸ್ತಿ ಬಂದು ಮೂರು ವರ್ಷಗಳಷ್ಟೇ ಆಗಿತ್ತು. ದೇಶವೆಲ್ಲ ಅವರ ಕಡೆಗೆ ಅಭಿಮಾನದಿಂದ ನೋಡುತ್ತಿತ್ತು. ಅಂತಹ ಮಹನೀಯರ ಸಂಸ್ಥೆಗೆ ಕಮಲಾ ಸಂಶೋಧನೆಗಾಗಿ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಅಂಕ ಕಡಮೆಯೆಂದಲ್ಲ, ಸ್ಥಳವಿಲ್ಲವೆಂದಲ್ಲ. ಹೆಂಗಸರಿಗೆ ಸಂಶೋಧನೆಯ ಸಾಮರ್ಥ್ಯವಿಲ್ಲ ಎಂಬುದೇ ಕಾರಣವಾಗಿತ್ತು.

ತಂದೆಯೂ ಚಿಕ್ಕಪ್ಪನೂ ರಾಮನ್ ಅವರನ್ನು ಕೇಳಿಕೊಂಡರು, ಫಲಿಸಲಿಲ್ಲ. ಕಮಲಾ ತಾವೇ ಬೆಂಗಳೂರಿಗೆ ಹೋಗಿ ನಿರ್ದೇಶಕರ ಎದುರು ನಿಂತು ಕಾರಣ ಕೇಳಿದರು. ಉಪ್ಪಿನ ಸತ್ಯಾಗ್ರಹ ನಡೆದು ಆಗ ಮೂರೇ ವರ್ಷ. ಗಾಂಧೀಜಿಯ ದಾರಿಯಲ್ಲಿ ನಂಬಿಕೆಯಿದ್ದ ಆ ಹುಡುಗಿ, ಪ್ರವೇಶ ಕೊಡುವವರೆಗೆ ನಿಮ್ಮ ಕಚೇರಿಯ ಮುಂದೆ ಸತ್ಯಾಗ್ರಹ ಮಾಡುತ್ತೇನೆಂದು ನಿಂತುಬಿಟ್ಟರು. ಕೊನೆಗೆ ರಾಮನ್ ಒಪ್ಪಿದರು. ಆದರೆ ಷರತ್ತುಗಳನ್ನು ಹಾಕಿ ಒಪ್ಪಿದರು.

ಆ ಷರತ್ತುಗಳು ಹೀಗಿದ್ದುವೆಂದು ಆಕೆಯ ಜೀವನವನ್ನು ಬರೆದವರು ತಿಳಿಸುತ್ತಾರೆ. ಒಂದನೆಯದು, ಮೊದಲ ಒಂದು ವರ್ಷ ಆಕೆ ಕ್ರಮಬದ್ಧ ವಿದ್ಯಾರ್ಥಿಯಲ್ಲ, ಪರೀಕ್ಷಾರ್ಥವಾಗಿ ಇರತಕ್ಕವಳು. ಎರಡನೆಯದು, ಕೆಲಸದ ಗುಣಮಟ್ಟ ನಿರ್ದೇಶಕರಿಗೆ ಒಪ್ಪಿಗೆಯಾಗುವವರೆಗೆ ಅದಕ್ಕೆ ಅಧಿಕೃತ ಮನ್ನಣೆಯಿಲ್ಲ. ಮೂರನೆಯದು, ಆಕೆ ಅಲ್ಲಿರುವುದರಿಂದ ಪುರುಷ ಸಂಶೋಧಕರ ಗಮನ ಕೆಡಬಾರದು.

ಮೊದಲಿನ ಎರಡು ಷರತ್ತುಗಳು ನೌಕರಿಯಲ್ಲಿರುವ ನಮಗೆ ಅಪರಿಚಿತವಲ್ಲ. ಬ್ಯಾಂಕಿಗೆ ಸೇರಿದವನು ಪ್ರೊಬೇಷನ್ ಮುಗಿಸಿ ಕನ್ಫರ್ಮ್ ಆಗುವವರೆಗೆ ಸ್ವಲ್ಪ ಅಂಜಿಕೆಯಲ್ಲೇ ಇರುತ್ತಾನೆ. ಆದರೆ ಆ ನಿಯಮ ಜತೆಯಲ್ಲಿ ಸೇರಿದ ಎಲ್ಲರಿಗೂ ಒಂದೇ. ಬೆಂಗಳೂರಿನಲ್ಲಿ ಆದದ್ದು ಹಾಗಲ್ಲ. ಅದೇ ಪದವಿ ಇದ್ದ ಗಂಡಸರಿಗೆ ಇಲ್ಲದ ಪ್ರೊಬೇಷನ್ ವಿಶ್ವವಿದ್ಯಾನಿಲಯಕ್ಕೇ ಮೊದಲಿಗಳಾದ ಹುಡುಗಿಗೆ ವಿಧಿಸಲ್ಪಟ್ಟಿತು. ಮೂರನೆಯ ಷರತ್ತಂತೂ ಇನ್ನೂ ವಿಚಿತ್ರ. ಬೇರೆಯವರ ಮನಸ್ಸು ಚಂಚಲವಾದರೆ ಅದಕ್ಕೆ ಹೊಣೆ ಆಕೆ! ಕಮಲಾ ಎಲ್ಲವನ್ನೂ ಒಪ್ಪಿಕೊಂಡು ಸೇರಿದರು. ಆದರೆ ಆ ಅವಮಾನವನ್ನು ಮರೆಯಲಿಲ್ಲ. ರಾಮನ್ ದೊಡ್ಡ ವಿಜ್ಞಾನಿಯಾಗಿದ್ದರೂ ಮನಸ್ಸು ಸಂಕುಚಿತವಾಗಿತ್ತೆಂದು ಇಳಿವಯಸ್ಸಿನಲ್ಲಿ ಸಾರ್ವಜನಿಕ ಸಭೆಯಲ್ಲಿಯೇ ಹೇಳಿದರು.

ಅಲ್ಲಿ ಆಕೆಗೆ ದೊರೆತ ಗುರು ಎಂ. ಶ್ರೀನಿವಾಸಯ್ಯನವರು. ಬಹಳ ಕಟ್ಟುನಿಟ್ಟಿನವರು, ಆದರೆ ಕಲಿಯುವ ಹಂಬಲವಿದ್ದವರಿಗೆ ಕಲಿಸುವವರು. ಅವರ ಕೈಕೆಳಗೆ ಕಮಲಾ ಹಾಲು, ಬೇಳೆಕಾಳು, ದ್ವಿದಳ ಧಾನ್ಯಗಳಲ್ಲಿರುವ ಪ್ರೋಟೀನುಗಳ ಅಧ್ಯಯನವನ್ನು ಕೈಗೊಂಡರು. ಒಂದು ವರ್ಷ ಕಳೆಯಿತು. ರಾಮನ್ ಕೆಲಸ ನೋಡಿದರು, ತೃಪ್ತರಾದರು. ಪ್ರವೇಶ ಕ್ರಮಬದ್ಧವಾಯಿತು. ಅಷ್ಟೇ ಅಲ್ಲ, ಅಂದಿನಿಂದ ಇತರ ಹೆಣ್ಣುಮಕ್ಕಳಿಗೂ ಸಂಸ್ಥೆಯಲ್ಲಿ ಅವಕಾಶ ದೊರೆಯಿತು. 1936ರಲ್ಲಿ ಕಮಲಾ ತಮ್ಮ ಸಂಶೋಧನೆಯನ್ನು ಬೊಂಬಾಯಿ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿ ಎಂ.ಎಸ್‌ಸಿ. ಪದವಿ ಪಡೆದರು.

ರಾಮನ್ ಅವರ ಬಗ್ಗೆಯೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ತಮ್ಮ ಅಭಿಪ್ರಾಯ ತಪ್ಪೆಂದು ಕಂಡಾಗ ಅವರು ಬಾಗಿಲನ್ನು ತೆರೆದರು. ಎಲ್ಲ ದೊಡ್ಡವರೂ ಅಷ್ಟು ಮಾಡುವುದಿಲ್ಲ. ಆದರೆ ಒಬ್ಬ ಹುಡುಗಿ ಒಂದು ವರ್ಷ ಹಗಲಿರುಳು ದುಡಿದು ಇಡೀ ಸ್ತ್ರೀಕುಲದ ಸಾಮರ್ಥ್ಯವನ್ನು ಸಾಬೀತುಪಡಿಸಬೇಕಾಯಿತು ಎಂಬುದನ್ನೂ ಮರೆಯಬಾರದು. ಆ ವರ್ಷ ಆಕೆಗೆ ಜ್ವರ ಬಂದಿದ್ದರೆ, ಒಂದು ಪ್ರಯೋಗ ಕೆಟ್ಟಿದ್ದರೆ, ಹಿಂದೆ ಬರಬೇಕಾದವರ ಗತಿ ಏನಾಗುತ್ತಿತ್ತು?

1937ರಲ್ಲಿ ಕಮಲಾ ಕೇಂಬ್ರಿಜಿಗೆ ಹೋಗಿ ನ್ಯೂನ್‌ಹ್ಯಾಮ್ ಕಾಲೇಜನ್ನು ಸೇರಿದರು. ಅಲ್ಲಿಯ ಜೀವರಸಾಯನ ವಿಭಾಗದ ಮುಖ್ಯಸ್ಥರು ಸರ್ ಫ್ರೆಡರಿಕ್ ಗೌಲಂಡ್ ಹಾಪ್‌ಕಿನ್ಸ್. ಇಂದು ನಾವು ವಿಟಮಿನ್ ಎಂದು ಕರೆಯುವ ಪೋಷಕಾಂಶಗಳ ಕುರಿತ ಕೆಲಸಕ್ಕಾಗಿ 1929ರ ನೊಬೆಲ್ ಪ್ರಶಸ್ತಿಯನ್ನು ಐಕ್ಮನ್ ಅವರೊಡನೆ ಹಂಚಿಕೊಂಡವರು. ಅವರ ವಿಭಾಗದಲ್ಲಿ ಮಾರ್ಜರಿ ಸ್ಟೀಫನ್‌ಸನ್, ಡೊರೊಥಿ ನೀಡಮ್ ಮೊದಲಾದ ಸ್ತ್ರೀಯರು ಆಗಲೇ ಗಣ್ಯ ಸಂಶೋಧಕರಾಗಿದ್ದರು. ಕಮಲಾ ಬಂದಾಗ ಪ್ರಯೋಗಶಾಲೆಯಲ್ಲಿ ಸ್ಥಳವಿರಲಿಲ್ಲ. ಡೆರೆಕ್ ರಿಕ್ಟರ್ ಎಂಬ ಸಂಶೋಧಕರು ಹಗಲು ಈಕೆ ತಮ್ಮ ಮೇಜಿನಲ್ಲಿ ಕೆಲಸ ಮಾಡಲಿ, ತಾವು ರಾತ್ರಿ ಮಾಡುತ್ತೇವೆಂದು ಜಾಗ ಬಿಟ್ಟುಕೊಟ್ಟರು. ಬೆಂಗಳೂರಿನಲ್ಲಿ ಜಾಗವಿದ್ದೂ ಮನಸ್ಸಿರಲಿಲ್ಲ. ಇಲ್ಲಿ ಜಾಗವಿಲ್ಲದಿದ್ದರೂ ಮನಸ್ಸಿತ್ತು.

ಹಾಗೆಂದು ಕೇಂಬ್ರಿಜನ್ನು ಸ್ವರ್ಗವೆಂದು ತಿಳಿಯುವುದು ಬೇಡ. ಆ ವಿಶ್ವವಿದ್ಯಾನಿಲಯ 1948ರವರೆಗೆ ಸ್ತ್ರೀಯರನ್ನು ತನ್ನ ಪೂರ್ಣ ಸದಸ್ಯರೆಂದು ಒಪ್ಪಿರಲಿಲ್ಲ. ಪದವಿಯ ಹೆಸರನ್ನು ಕೊಡುತ್ತಿತ್ತು, ಅದರೊಂದಿಗೆ ಗಂಡಸರಿಗೆ ಬರುತ್ತಿದ್ದ ಹಕ್ಕುಗಳನ್ನು ಕೊಡುತ್ತಿರಲಿಲ್ಲ. ಷರತ್ತು ಅಲ್ಲಿಯೂ ಇತ್ತು, ಮರ್ಯಾದೆಯ ಭಾಷೆಯಲ್ಲಿತ್ತು ಎನ್ನಬಹುದು.

ರಿಕ್ಟರ್ ಬೇರೆಡೆ ಹೋದ ಮೇಲೆ ಕಮಲಾ ಸಸ್ಯವಿಜ್ಞಾನಿ ರಾಬಿನ್ ಹಿಲ್ ಅವರ ಬಳಿ ಕೆಲಸ ಮುಂದುವರಿಸಿದರು. ಅವರು ಆರಿಸಿಕೊಂಡ ವಸ್ತು ಬಟಾಟೆ. ಪ್ರಾಣಿಗಳ ಜೀವಕೋಶಗಳು ಉಸಿರಾಡುವಾಗ, ಅಂದರೆ ಆಹಾರವನ್ನು ನಿಧಾನವಾಗಿ ಉರಿಸಿ ಶಕ್ತಿ ಪಡೆಯುವಾಗ, ಕಬ್ಬಿಣದ ಅಂಶವುಳ್ಳ ‘ಸೈಟೋಕ್ರೋಮ್’ ಎಂಬ ಪ್ರೋಟೀನುಗಳು ಎಲೆಕ್ಟ್ರಾನುಗಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತವೆ. ಕೇಂಬ್ರಿಜಿನಲ್ಲಿಯೇ ಡೇವಿಡ್ ಕೈಲಿನ್ 1925ರಲ್ಲಿ ಇವುಗಳ ಮಹತ್ವವನ್ನು ತೋರಿಸಿದ್ದರು. ಬಟಾಟೆಯಲ್ಲಿಯೂ ‘ಸೈಟೋಕ್ರೋಮ್ ಸಿ’ ಇದೆಯೆಂದು ಕಂಡುಕೊಂಡ ಕಮಲಾ, ಸಸ್ಯಕೋಶಗಳ ಉಸಿರಾಟದಲ್ಲೂ ಅದರ ಪಾತ್ರವಿದೆಯೆಂದು ಪ್ರತಿಪಾದಿಸಿದರು. ನಮ್ಮ ಹೃದಯದ ಸ್ನಾಯುವೂ ಅಡುಗೆಮನೆಯ ಬುಟ್ಟಿಯಲ್ಲಿರುವ ಬಟಾಟೆಯೂ ಒಂದೇ ರೀತಿಯ ಉಪಾಯದಿಂದ ಉಸಿರಾಡುತ್ತವೆಂದರೆ ಸೃಷ್ಟಿಯ ಏಕತೆಗೆ ಅದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕೆ? ಹದಿನಾಲ್ಕು ತಿಂಗಳಲ್ಲಿ ಕೆಲಸ ಮುಗಿಯಿತು. ಪ್ರಬಂಧ ಕೇವಲ 40 ಪುಟಗಳದ್ದು. 1939ರಲ್ಲಿ ಪಿಎಚ್.ಡಿ. ದೊರೆಯಿತು.

ಇಲ್ಲಿ ‘ಮೊದಲಿಗಳು’ ಎಂಬ ಮಾತಿನ ಬಗ್ಗೆ ಒಂದು ವಿವರಣೆ ಅಗತ್ಯ. ಕಾಸರಗೋಡಿನಿಂದ ದೂರವಲ್ಲದ ತಲಶ್ಶೇರಿಯಲ್ಲಿ 1897ರಲ್ಲಿ ಹುಟ್ಟಿದ ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಅವರು 1931ರಲ್ಲಿಯೇ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಿಂದ ಡಿ.ಎಸ್‌ಸಿ. ಪಡೆದಿದ್ದರು. ಪದವಿಯ ಹೆಸರು ಬೇರೆಯಾದ್ದರಿಂದ ಪಟ್ಟಿ ಮಾಡುವವರು ಕಮಲಾ ಅವರನ್ನು ಮೊದಲಿಗಳೆನ್ನುತ್ತಾರೆ. ನನ್ನ ಮಟ್ಟಿಗೆ ಯಾರು ಮೊದಲು ಎಂಬುದು ದೊಡ್ಡ ವಿಷಯವಲ್ಲ. ಇಬ್ಬರೂ ಕಡಲು ದಾಟಿ ಪದವಿ ತರಬೇಕಾಯಿತು ಎಂಬುದು ದೊಡ್ಡ ವಿಷಯ.

ಸ್ವದೇಶಕ್ಕೆ ಮರಳಿದ ಡಾ. ಕಮಲಾ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾದರು. ಅಲ್ಲಿಂದ ನೀಲಗಿರಿಯ ಕೂನೂರಿಗೆ ಬಂದು ಪೌಷ್ಟಿಕ ಆಹಾರ ಸಂಶೋಧನಾಲಯದ ಸಹಾಯಕ ನಿರ್ದೇಶಕಿಯಾದರು. ಮ್ಯಾಕ್‌ಕ್ಯಾರಿಸನ್ ಎಂಬ ವೈದ್ಯರು 1918ರಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಆರಂಭಿಸಿದ ಆ ಪುಟ್ಟ ಪ್ರಯೋಗಶಾಲೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಕೂನೂರಿನಲ್ಲಿ ಕಮಲಾ ವಿಟಮಿನುಗಳ ಕುರಿತು ಕೆಲಸ ಮಾಡಿದರು. ಆದರೆ ಮುಂದಿನ ಮೆಟ್ಟಿಲಿನ ದಾರಿ ಕಾಣಲಿಲ್ಲ. ರಾಜೀನಾಮೆಯ ಆಲೋಚನೆಯಲ್ಲಿದ್ದಾಗ ಎಂ.ವಿ. ಸೊಹೊನಿ ಎಂಬವರೊಡನೆ ವಿವಾಹ ನಿಶ್ಚಯವಾಯಿತು. ಅವರು ವಿಮಾ ಗಣಿತಜ್ಞರು, ನಮ್ಮ ಬ್ಯಾಂಕು ವಿಮೆಗಳ ಲೋಕದವರು. 1947ರಲ್ಲಿ ಮದುವೆಯಾಗಿ ಕಮಲಾ ಬೊಂಬಾಯಿಗೆ ಹೋದರು. ಅಲ್ಲಿಯ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಹೊಸತಾಗಿ ಆರಂಭವಾದ ಜೀವರಸಾಯನ ವಿಭಾಗದಲ್ಲಿ ಪ್ರಾಧ್ಯಾಪಕಿಯಾದರು.

ಬೊಂಬಾಯಿಯಲ್ಲಿ ಆಕೆ ಮಾಡಿದ ಕೆಲಸವೇ ನನ್ನಂಥ ಸಾಮಾನ್ಯನಿಗೆ ಹೆಚ್ಚು ಹತ್ತಿರವಾದದ್ದು. ಬಡವರ ತಟ್ಟೆಯಲ್ಲಿರುವ ಆಹಾರವನ್ನು ಆಕೆ ಪ್ರಯೋಗಶಾಲೆಗೆ ತಂದರು. ನಾವು ಅವರೆಯೆಂದೂ ಮಲಯಾಳದಲ್ಲಿ ಅಮರಪ್ಪಯರ್ ಎಂದೂ ಕರೆಯುವ ಕಾಳನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಪ್ರೋಟೀನು ಸಮೃದ್ಧವಾಗಿದೆ. ಆದರೆ ಹಸಿಯಾಗಿ ತಿಂದರೆ ಅದು ಮೈಗೆ ಹತ್ತುವುದಿಲ್ಲ. ಕಾರಣವೇನೆಂದರೆ, ನಮ್ಮ ಕರುಳಿನಲ್ಲಿ ಪ್ರೋಟೀನನ್ನು ಜೀರ್ಣಿಸುವ ‘ಟ್ರಿಪ್ಸಿನ್’ ಎಂಬ ಕಿಣ್ವವನ್ನು ತಡೆದು ನಿಲ್ಲಿಸುವ ಇನ್ನೊಂದು ಪ್ರೋಟೀನು ಅದೇ ಕಾಳಿನಲ್ಲಿದೆ. ಸೋಯಾ ಅವರೆಯನ್ನು ಬೇಯಿಸದೆ ಕೊಟ್ಟರೆ ಇಲಿಗಳು ಬೆಳೆಯುವುದಿಲ್ಲವೆಂದು 1917ರಲ್ಲಿ ಅಮೆರಿಕದ ಆಸ್ಬಾರ್ನ್ ಮತ್ತು ಮೆಂಡೆಲ್ ಗಮನಿಸಿದ್ದರು. 1945ರಲ್ಲಿ ಕುನಿಟ್ಸ್ ಸೋಯಾದ ತಡೆವಸ್ತುವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ್ದರು. ಕಮಲಾ ಅವರು ಸಹಲೇಖಕರೊಬ್ಬರೊಡನೆ ನಮ್ಮ ಅವರೆ ಮತ್ತು ಡಬಲ್ ಬೀನ್ಸ್‌ಗಳಿಂದ ಅಂತಹ ತಡೆವಸ್ತುಗಳನ್ನು ಹರಳಾಗಿ ಪಡೆದು, 1955ರಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಚೆನ್ನಾಗಿ ಬೇಯಿಸಿದರೆ ಇದರ ಶಕ್ತಿ ಬಹುಮಟ್ಟಿಗೆ ಕುಂದುತ್ತದೆ. ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಮೆತ್ತಗಾಗುವಂತೆ ಬೇಯಿಸಬೇಕೆನ್ನುವ ನಮ್ಮ ಅಜ್ಜಿಯಂದಿರ ಮಾತಿನ ಹಿಂದಿರುವ ಕಾರಣ ಹೀಗೆ ಪ್ರಯೋಗಶಾಲೆಯಲ್ಲಿ ಬೆಳಕಿಗೆ ಬಂತು.

ಇನ್ನೊಂದು ಕೆಲಸ ನೀರಾ ಕುರಿತದ್ದು. ತಾಳೆ, ಈಚಲು, ತೆಂಗು ಮೊದಲಾದ ಮರಗಳಿಂದ ಇಳಿಸಿದ, ಇನ್ನೂ ಹುಳಿಯದ ಸಿಹಿರಸವೇ ನೀರಾ. ಹುಳಿತರೆ ಅದು ಕಳ್ಳು. ಅಂದಿನ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದ್ ಅವರ ಸೂಚನೆಯ ಮೇರೆಗೆ ಕಮಲಾ ಇದರ ಪೌಷ್ಟಿಕ ಗುಣವನ್ನು ಪರೀಕ್ಷಿಸಿದರು. ಅದರಲ್ಲಿ ‘ಎ’ ಮತ್ತು ‘ಸಿ’ ವಿಟಮಿನುಗಳೂ ಕಬ್ಬಿಣವೂ ಇವೆಯೆಂದು ಕಂಡರು. ನಾವು ಓಲೆಬೆಲ್ಲವೆಂದೂ ಮಲಯಾಳಿಗಳು ಕರಿಪ್ಪೆಟ್ಟಿಯೆಂದೂ ಹೇಳುವ ತಾಳೆಬೆಲ್ಲದಂಥ ಪದಾರ್ಥಗಳನ್ನೂ ಪರಿಶೀಲಿಸಿದರು. ಪೌಷ್ಟಿಕಾಂಶದ ಕೊರತೆಯಿದ್ದ ಆದಿವಾಸಿ ಮಕ್ಕಳಿಗೂ ಗರ್ಭಿಣಿಯರಿಗೂ ಇವನ್ನು ಕೊಟ್ಟಾಗ ಆರೋಗ್ಯ ಸುಧಾರಿಸಿತು. ಈ ಕೆಲಸಕ್ಕೆ ರಾಷ್ಟ್ರಪತಿ ಪುರಸ್ಕಾರ ದೊರೆಯಿತು. ನಮ್ಮ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನ ಹೊಂಬಾಳೆಯ ರಸವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹುಳಿಯದಂತೆ ಸಂಗ್ರಹಿಸಿ ‘ಕಲ್ಪರಸ’ವೆಂಬ ಹೆಸರು ಕೊಟ್ಟದ್ದು ಈಚಿನ ವಿಷಯ. ಆ ಸೀಸೆಯನ್ನು ಕೈಯಲ್ಲಿ ಹಿಡಿದವರು, ಮರದ ಸಿಹಿರಸದ ಪೌಷ್ಟಿಕತೆಯನ್ನು ದಶಕಗಳ ಹಿಂದೆಯೇ ಶ್ರದ್ಧೆಯಿಂದ ಪರೀಕ್ಷಿಸಿದ ಈ ಮಹಿಳೆಯನ್ನು ಒಮ್ಮೆ ನೆನೆಯಬಹುದು. ಇದಲ್ಲದೆ ಬೊಂಬಾಯಿಯ ಆರೇ ಹಾಲಿನ ಯೋಜನೆಗೂ ಕಮಲಾ ಸಲಹೆಗಾರ್ತಿಯಾಗಿದ್ದರು.

ಇಷ್ಟೆಲ್ಲ ಮಾಡಿದ ಮೇಲೂ ಷರತ್ತುಗಳ ಕಾಲ ಮುಗಿದಿರಲಿಲ್ಲ. ತಮ್ಮ ಸಂಸ್ಥೆಯ ನಿರ್ದೇಶಕ ಪದವಿಗೆ ಆಕೆ ಅರ್ಹರಾದ ಮೇಲೂ ಒಳರಾಜಕೀಯದಿಂದಾಗಿ ನಾಲ್ಕು ವರ್ಷ ಕಾಯಬೇಕಾಯಿತು. ಕೊನೆಗೆ ನಿರ್ದೇಶಕಿಯಾದರು. ನಿವೃತ್ತರಾದ ಮೇಲೂ ಸುಮ್ಮನೆ ಕೂರಲಿಲ್ಲ. 1966ರಲ್ಲಿ ಒಂಬತ್ತು ಮಂದಿ ಮಹಿಳೆಯರು ಬೊಂಬಾಯಿಯಲ್ಲಿ ಕಟ್ಟಿದ ಭಾರತ ಗ್ರಾಹಕ ಮಾರ್ಗದರ್ಶನ ಸಂಘದಲ್ಲಿ ದುಡಿದು, 1982-83ರಲ್ಲಿ ಅದರ ಅಧ್ಯಕ್ಷೆಯಾದರು. ಅದರ ‘ಕೀಮತ್’ ಪತ್ರಿಕೆಗೆ ಗ್ರಾಹಕರ ಸುರಕ್ಷೆಯ ಕುರಿತು ಬರೆದರು. ಗ್ರಾಹಕ ಸಂರಕ್ಷಣಾ ಕಾಯಿದೆ ಬಂದದ್ದು 1986ರಲ್ಲಿ ಎಂಬುದನ್ನು ನೆನೆದರೆ ಇವರು ಎಷ್ಟು ಮುಂದಿದ್ದರೆಂದು ತಿಳಿಯುತ್ತದೆ. ಎಳೆಯರಿಗಾಗಿ ಮರಾಠಿಯಲ್ಲಿ ವಿಜ್ಞಾನದ ಪುಸ್ತಕಗಳನ್ನೂ ಬರೆದರು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಮೊದಲ ಮಹಿಳಾ ಮಹಾನಿರ್ದೇಶಕರಾದ ಡಾ. ಸತ್ಯವತಿಯವರು ಈಕೆಯ ಕಥೆಯನ್ನು ತಿಳಿದು ಸನ್ಮಾನಕ್ಕೆ ಆಹ್ವಾನಿಸುವಾಗ ಕಮಲಾ ಎಂಬತ್ತು ದಾಟಿದ್ದರು. ಆ ಎತ್ತರದ ಕುರ್ಚಿಗೆ ಒಬ್ಬ ಹೆಣ್ಣು ಬರುವವರೆಗೆ ಮನ್ನಣೆ ಕಾದಿತ್ತು. 1998ರಲ್ಲಿ ಡಾ. ಕಮಲಾ ಸೊಹೊನಿ ನಿಧನರಾದರು.

ಕಮಲಾ ತೆರೆಸಿದ ಬಾಗಿಲಿನಿಂದ ಬಂದವರ ಕಥೆಯೊಂದನ್ನೂ ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. ತಿರುವಿದಾಂಕೂರಿನ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದ ಅನ್ನಾ ಮಣಿಯವರು 1940ರಲ್ಲಿ ಬೆಂಗಳೂರಿಗೆ ಬಂದು ರಾಮನ್ ಅವರ ಪ್ರಯೋಗಶಾಲೆಯನ್ನೇ ಸೇರಿದರು. ವಜ್ರ, ಮಾಣಿಕ್ಯಗಳ ಬೆಳಕಿನ ಮೇಲೆ ಐದು ವರ್ಷ ದುಡಿದು ತಮ್ಮೊಬ್ಬರದೇ ಹೆಸರಿನಲ್ಲಿ ಐದು ಪ್ರಬಂಧಗಳನ್ನು ಪ್ರಕಟಿಸಿದರು. 1945ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಮಹಾಪ್ರಬಂಧವನ್ನು ಸಲ್ಲಿಸಿದಾಗ, ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ನಿರಾಕರಿಸಲಾಯಿತು. ಈ ಬಾರಿ ಅಡ್ಡ ನಿಂತದ್ದು ಒಬ್ಬ ನಿರ್ದೇಶಕರ ಮನಸ್ಸಲ್ಲ, ಒಂದು ಕಾಗದದ ನಿಯಮ. ಹವಾಮಾನ ಇಲಾಖೆಯನ್ನು ಸೇರಿ ಉಪ ಮಹಾನಿರ್ದೇಶಕಿಯ ಹುದ್ದೆಗೇರಿದ ಅನ್ನಾ ಮಣಿ 2001ರಲ್ಲಿ ತೀರಿಕೊಂಡರು. ಪದವಿ ಬಾರದ ಆ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದಿದೆ. ‘ಮೊದಲಿಗರು’ ಪಟ್ಟಿಯಲ್ಲಿ ಇಂತಹ ಪ್ರಬಂಧಕ್ಕೆ ಸ್ಥಾನವಿಲ್ಲ.

ವಿದ್ಯಾಭ್ಯಾಸದ ಸಾಲಕ್ಕೆಂದು ನಮ್ಮ ಕೌಂಟರಿಗೆ ಹೆಣ್ಣುಮಕ್ಕಳು ತಂದೆಯರೊಡನೆ ಬರುತ್ತಾರೆ. ಅಂಕಪಟ್ಟಿ ನೋಡಿದರೆ ಸಂತೋಷವಾಗುತ್ತದೆ. ಆದರೆ ‘ಇವಳಿಗೆ ಇನ್ನೂ ಓದು ಯಾಕೆ ಮಾರಾಯ್ರೆ, ಮದುವೆಯ ಖರ್ಚು ಬೇರೆ ಉಂಟಲ್ಲ’ ಎಂಬ ಮಾತನ್ನು ಈಗಲೂ ಕೇಳುತ್ತೇನೆ. ಓದಲಿ, ಆದರೆ ಮನೆಯ ಹತ್ತಿರವೇ ಓದಲಿ. ಓದಲಿ, ಆದರೆ ಎರಡೇ ವರ್ಷ ಎನ್ನುವವರೂ ಇದ್ದಾರೆ. ನಿರಾಕರಣೆಯಲ್ಲ, ಷರತ್ತು. ಗಡಿನಾಡಿನವರಾದ ನಮಗೆ ಇದರ ನೋವು ಹೆಚ್ಚು ಅರ್ಥವಾಗಬೇಕು. ಒಂದು ಭಾಷೆಯಲ್ಲಿ ಕಲಿತು ಇನ್ನೊಂದು ಭಾಷೆಯಲ್ಲಿ ಅರ್ಜಿ ಬರೆಯುವ ನಾವು, ನಮ್ಮ ಯೋಗ್ಯತೆಯನ್ನು ಎರಡೆರಡು ಸಲ ತೋರಿಸಬೇಕಾದ ಸಂದರ್ಭಗಳನ್ನು ಕಂಡವರು. ಹಾಗೆ ಕಂಡವರು ಮನೆಯ ಮಗಳಿಗೆ ಮತ್ತೊಂದು ಷರತ್ತು ಹಾಕುವುದು ತರವಲ್ಲ.

ಜಾನಕಿ ಅಮ್ಮಾಳ್, ಕಮಲಾ ಸೊಹೊನಿ, ಅನ್ನಾ ಮಣಿ ಈ ಮೂವರ ಜೀವನವನ್ನು ಕನ್ನಡ, ಮಲಯಾಳ ಎರಡರಲ್ಲೂ ಸರಳವಾಗಿ ಬರೆದ ಒಂದು ಕಿರುಪುಸ್ತಕ ನಮ್ಮ ಶಾಲೆಗಳ ಕಪಾಟುಗಳಲ್ಲಿ ಇರಬೇಕೆಂಬುದು ನನ್ನ ಆಸೆ. ಅದರಲ್ಲಿ ಪದವಿಗಳ ಜತೆಗೆ ಷರತ್ತುಗಳನ್ನೂ ಬರೆಯಬೇಕು. ಎರಡೂ ಭಾಷೆ ಬಲ್ಲ ಅಧ್ಯಾಪಕರು ಯಾರಾದರೂ ಈ ಕೆಲಸಕ್ಕೆ ಮನಸ್ಸು ಮಾಡಿದರೆ, ಕೈಲಾದ ಸಹಾಯ ಮಾಡಲು ಗುಮಾಸ್ತನೊಬ್ಬ ಸಿದ್ಧನಿದ್ದಾನೆ.